ಅಂಗಡಿಗನ್ನಡ: ದಕ್ಷಿಣ ಬೆಂಗಳೂರಿನ ಕೊಳ್ಳುವ ಮಾತು ಮತ್ತು ಜರ್ಮನ್ ಭಾಷಿಕ ಕಲಿಕೆಗಾರರು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಮತ್ತು ಇವಕ್ಕೆ ಅಂಟಿಕೊಂಡ ಬಸವನಗುಡಿ, ತಿಲಕನಗರ, ಮಡಿವಾಳಗಳ ಅಂಗಡಿ, ಮಾರುಕಟ್ಟೆ, ತಳ್ಳುಗಾಡಿಗಳಲ್ಲಿ ಕೊಳ್ಳುವವರೂ ಮಾರುವವರೂ ಆಡುವ ಕನ್ನಡವನ್ನು ಇಲ್ಲಿ ಅಂಗಡಿಗನ್ನಡ ಎಂದು ಕರೆದಿದೆ. ಅದರ ಪದಸಂಪತ್ತಿನ ಪರಿಚಯ ಈ ಲೇಖನದ ಮುಖ್ಯ ಉದ್ದೇಶ. ಈ ನುಡಿಯನ್ನು ಹೊಸದಾಗಿ ಕಲಿಯುವವರಿಗೆ, ಅದರಲ್ಲೂ ಜರ್ಮನ್ ಮನೆಮಾತಿನವರಿಗೆ, ಎಲ್ಲಿ ಸುಲಭ ಎಲ್ಲಿ ಕಷ್ಟ ಎಂಬುದನ್ನೂ ಜೊತೆಗೆ ನೋಡಲಾಗಿದೆ. ಭಾಷೆ ಕಲಿಸುವ ಪುಸ್ತಕಗಳು ಸಾಮಾನ್ಯವಾಗಿ ತರಕಾರಿ, ಹಣ್ಣುಗಳ ಹೆಸರಿನ ಪಟ್ಟಿಯಿಂದ ಪಾಠ ಶುರುಮಾಡುತ್ತವೆ. ಅಂಗಡಿಯ ಮುಂದೆ ನಿಂತವರಿಗೆ ಅದಕ್ಕಿಂತ ಮೊದಲು ಬೇಕಾಗುವುದು ಅಳತೆಯ ಮಾತು. ಹೆಸರು ಗೊತ್ತಿಲ್ಲದಿದ್ದರೆ ಬೆರಳು ತೋರಿಸಿದರೆ ನಡೆಯುತ್ತದೆ. ಮೊಳವೋ ಕಟ್ಟೋ ಚಿಪ್ಪೋ ಎಂಬುದನ್ನು ಬೆರಳಿನಿಂದ ಹೇಳಲಾಗುವುದಿಲ್ಲ.

ಜರ್ಮನ್ ನಂಟು

ಜರ್ಮನ್ ಮಾತಾಡುವವರು ಕನ್ನಡ ಕಲಿತ ಕಥೆ ಹಳೆಯದು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಆರಂಭಿಸಿದರು. ಉತ್ತರ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದಗಳ ಆ ಹೊತ್ತಗೆ ಕಾವ್ಯದ ಮಾತಿನ ಜೊತೆಗೆ ಆಡುಮಾತು, ಗಾದೆಗಳಿಗೂ ಜಾಗ ಕೊಟ್ಟಿತು. ಕೊಳಗ, ಬಳ್ಳ, ಸೊಲಗೆಯಂಥ ಅಳತೆಯ ಹೆಸರುಗಳು ಇಂದಿಗೂ ಅರ್ಥಸಮೇತ ಸಿಗುವುದು ಅಂಥ ದುಡಿಮೆಯ ಫಲ.

ದಕ್ಷಿಣ ಬೆಂಗಳೂರಿಗೆ ಈ ನಂಟು ಕಾರ್ಖಾನೆಯ ದಾರಿಯಿಂದ ಬಂತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೋ, ಸ್ಟುಟ್‌ಗಾರ್ಟಿನ ಬಾಷ್ ಸಂಸ್ಥೆಯ ಬಳಗಕ್ಕೆ ಸೇರಿದ್ದು. ಆಡುಗೋಡಿಯ ಅದರ ಕಾರ್ಖಾನೆ ಹೊಸೂರು ರಸ್ತೆಯ ಗುರುತಾಯಿತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಬಿಟಿಎಂ ಎರಡನೇ ಹಂತದ ಮೈಕೋ ಲೇಔಟ್ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ. ಕೆಲಸದ ಮೇಲೆ ಕೆಲವು ತಿಂಗಳಿಗೋ ವರ್ಷಕ್ಕೋ ಬರುವ ಎಂಜಿನಿಯರುಗಳಿಗೆ, ಅವರ ಮನೆಯವರಿಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕು. ಕನ್ನಡ ಬೇಕೆನಿಸುವುದು ಬೀದಿಯ ತಿರುವಿನ ಸೊಪ್ಪಿನ ಗಾಡಿಯ ಹತ್ತಿರ.

ಎಲ್ಲಿ ಯಾವ ಮಾತು

ಈ ಭಾಗದ ಮಾರುಕಟ್ಟೆಗಳೆಲ್ಲ ಒಂದೇ ಬಗೆಯವಲ್ಲ, ಮಾತೂ ಒಂದೇ ಅಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರಕ್ಕೆ ನಾಲ್ಕನೇ ಬ್ಲಾಕೇ ನಡುಮನೆ. ಅಲ್ಲಿನ ವಾಣಿಜ್ಯ ಸಂಕೀರ್ಣವನ್ನು ‘ಕಾಂಪ್ಲೆಕ್ಸು’ ಎಂದರೆ ಸಾಕು, ಆಟೋದವರಿಗೂ ತಿಳಿಯುತ್ತದೆ. ಸುತ್ತಲಿನ ಪಾದಚಾರಿ ದಾರಿಯಲ್ಲಿ ಬಟ್ಟೆ, ಬಳೆ, ಚಪ್ಪಲಿ, ಪಾತ್ರೆ. ಜೆ.ಪಿ. ನಗರದವರಿಗೆ ಸಾರಕ್ಕಿ ಮಾರುಕಟ್ಟೆ. ಬೆಳಗಿನ ಜಾವ ಅಲ್ಲಿ ಕೇಳುವುದು ಮೂಟೆ, ಕ್ರೇಟುಗಳ ಸಗಟು ಲೆಕ್ಕ. ಬಿಸಿಲೇರಿದ ಮೇಲೆ ಚಿಲ್ಲರೆ ಮಾತು. ಬನಶಂಕರಿ ದೇವಸ್ಥಾನದ ಎದುರು ಮಂಗಳವಾರ, ಶುಕ್ರವಾರದ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚುವವರ ಸಾಲು. ಅಲ್ಲಿ ಕೂಗುವುದು ‘ಹಣ್ಣು-ಕಾಯಿ’, ‘ಬತ್ತಿ’, ‘ತುಪ್ಪದ ದೀಪ’. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರದಿಂದ ಹೆಸರು ಪಡೆದ ಬಿಟಿಎಂ ಬಡಾವಣೆಯಲ್ಲಿ ವಿದ್ಯಾರ್ಥಿಗಳು, ಪಿಜಿಯಲ್ಲಿರುವ ಕೆಲಸಗಾರರು ಹೆಚ್ಚು. ಹಿಂದಿ, ತೆಲುಗು, ಬಾಂಗ್ಲಾ ಬೆರೆತ ಮಾತು ಸಾಮಾನ್ಯ. ಮಡಿವಾಳದ ಕಡೆ ತಮಿಳು, ಮಲಯಾಳಂ. ತಿಲಕನಗರದಲ್ಲಿ ದಖ್ಖನಿ. ಹಳೆಯ ಅಂಗಡಿಯವರಲ್ಲಿ ನಾಲ್ಕೈದು ಭಾಷೆಯಲ್ಲಿ ವ್ಯಾಪಾರ ಮುಗಿಸಬಲ್ಲವರು ಅಪರೂಪವೇನಲ್ಲ.

ಈ ಜಾಣತನವೇ ಕಲಿಯುವವರಿಗೆ ತೊಡಕು. ಬೆಳ್ಳನೆಯ ಮುಖ ಕಂಡೊಡನೆ ಅಂಗಡಿಯವರು ಇಂಗ್ಲಿಷಿಗೋ ಹಿಂದಿಗೋ ಹೊರಳುತ್ತಾರೆ. ಗಿರಾಕಿಗೆ ಅನುಕೂಲವಾಗಲಿ ಎಂಬ ಒಳ್ಳೆಯ ಮನಸ್ಸು ಅದು. ಆದರೆ ಕಲಿಯಲೆಂದೇ ಬಂದವರಿಗೆ ಒಂದು ಪಾಠ ತಪ್ಪಿಹೋಗುತ್ತದೆ. ‘ಕನ್ನಡ ಕಲೀತಿದೀನಿ, ಕನ್ನಡದಲ್ಲೇ ಹೇಳಿ’ ಎಂಬ ಒಂದು ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಬೇಕು. ಇದನ್ನು ಕೇಳಿದವರು ಬಹುಪಾಲು ನಿಧಾನಕ್ಕೆ ಬಿಡಿಸಿ ಹೇಳುತ್ತಾರೆ, ತಪ್ಪನ್ನು ತಿದ್ದುತ್ತಾರೆ, ಪಕ್ಕದ ಗಾಡಿಯವರನ್ನೂ ಕರೆದು ಕೇಳಿಸುತ್ತಾರೆ.

ಅಳತೆಯ ಮಾತು

ಒಂದೊಂದು ಸರಕಿಗೂ ಅದರದೇ ಅಳತೆ. ಸೊಪ್ಪು ಕಟ್ಟಿನಲ್ಲಿ: ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಕೊತ್ತಂಬರಿ. ಬೆಲೆ ಹೇಳುವಾಗ ‘ಕಟ್ಟು ಹತ್ತು’ ಅಥವಾ ‘ಇಪ್ಪತ್ತಕ್ಕೆ ಮೂರು’. ಬಾಳೆಹಣ್ಣು ತೂಕದಲ್ಲಿ, ಡಜನ್ನಿನಲ್ಲಿ ಅಥವಾ ಚಿಪ್ಪಿನಲ್ಲಿ; ಹಬ್ಬ, ಮದುವೆಗಳಿಗೆ ಗೊನೆ. ವೀಳ್ಯದೆಲೆ ಕವಳಿಗೆಯಲ್ಲಿ. ತೆಂಗಿನಕಾಯಿ ಎಣಿಕೆಯಲ್ಲಿ, ಶುಭಕಾರ್ಯಕ್ಕಾದರೆ ಜೊತೆಯಲ್ಲಿ. ಬ್ರೆಡ್ಡು ಈಗಲೂ ಹಿರಿಯರ ಬಾಯಲ್ಲಿ ಪೌಂಡು. ಮಾರುಕಟ್ಟೆಯ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂತವರದು ಗುಡ್ಡೆಯ ಲೆಕ್ಕ: ಐದಾರು ಬದನೆಕಾಯಿ, ಒಂದು ಹಿಡಿ ಹಸಿಮೆಣಸಿನಕಾಯಿ, ನಾಲ್ಕು ನಿಂಬೆ. ‘ಗುಡ್ಡೆ ಇಪ್ಪತ್ತು’ ಎಂದ ಮೇಲೆ ತಕ್ಕಡಿಯ ಮಾತಿಲ್ಲ. ಸಂಜೆಯಾದಂತೆ ಬೆಲೆ ಇಳಿಯುವುದಕ್ಕಿಂತ ಗುಡ್ಡೆ ಬೆಳೆಯುವುದೇ ಹೆಚ್ಚು.

ಹೂವಿನದು ಬೇರೆಯೇ ಲೋಕ. ಬಿಡಿ ಹೂವು ಗ್ರಾಮಿನಲ್ಲಿ, ಕಟ್ಟಿದ ಹೂವು ಮೊಳದಲ್ಲಿ, ದೇವರ ಮನೆಯ ಬಾಗಿಲಿಗೆ ಮಾರಿನಲ್ಲಿ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಮಾರೆಂದರೆ ಎರಡು ತೋಳು ಚಾಚಿದಷ್ಟು. ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ ನಿಂತು ನೋಡಬೇಕು. ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯಿಂದ ಮಲ್ಲಿಗೆ ದಂಡೆಯ ತುದಿ ಎಳೆದು, ಮೊಣಕೈಗೆ ಆನಿಸಿ, ಬೆರಳ ತುದಿ ದಾಟಿಸಿ ಇನ್ನೊಂದು ನಾಲ್ಕು ಹೂವಿನಷ್ಟು ಬಿಟ್ಟು ಕತ್ತರಿಸುತ್ತಾರೆ. ಆ ನಾಲ್ಕು ಹೂವಿಗೆ ಕೊಸರು ಎಂದು ಹೆಸರು. ಅಳತೆ ಮುಗಿದ ಮೇಲೆ ಮೇಲಿಷ್ಟು ಹಾಕುವುದು ಕೊಸರು. ಸೊಪ್ಪಿನ ಜೊತೆ ಒಂದೆರಡು ಎಸಳು ಕರಿಬೇವು ಬಂದರೆ ಅದೂ ಕೊಸರೇ. ಮಾರುವವರ ತೋಳು ಗಿಡ್ಡವೋ ಉದ್ದವೋ ಎಂಬುದರ ಮೇಲೆ ಮೊಳ ಬದಲಾಗುತ್ತದೆ, ಅದನ್ನು ಸರಿದೂಗಿಸುವುದೂ ಕೊಸರಿನ ಕೆಲಸ. ಈ ಒಂದು ಪದ ಬಲ್ಲ ಹೊಸಬರನ್ನು ಹೂವಿನವರು ಮರೆಯುವುದಿಲ್ಲ.

ದೇಶದಲ್ಲಿ ಮೆಟ್ರಿಕ್ ತೂಕ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂತು. ಅದಕ್ಕೂ ಹಿಂದಿನ ಸೇರು, ಅಚ್ಚೇರು, ಪಾವು, ಚಟಾಕುಗಳ ಸಂಬಂಧ ಸರಳ: ಸೇರಿನ ಅರ್ಧ ಅಚ್ಚೇರು, ಕಾಲುಭಾಗ ಪಾವು, ಪಾವಿನ ಕಾಲುಭಾಗ ಚಟಾಕು. ಅಂಗಡಿಯಿಂದ ಇವು ಹೋದರೂ ಅಡುಗೆಮನೆಯಿಂದ ಹೋಗಿಲ್ಲ; ಅನ್ನಕ್ಕೆ ಅಕ್ಕಿ ಅಳೆಯುವಾಗ ‘ಒಂದು ಪಾವು ಸಾಕು’ ಎನ್ನುವ ಮನೆಗಳು ಬಸವನಗುಡಿಯಲ್ಲಿ ಎಷ್ಟೋ. ದುಡ್ಡಿನದೂ ಹೀಗೆಯೇ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದು ಆಣೆ ಹೋಯಿತು, ಆದರೂ 25 ಪೈಸೆ ನಾಲ್ಕಾಣೆಯಾಗಿ, 50 ಪೈಸೆ ಎಂಟಾಣೆಯಾಗಿ ದಶಕಗಳ ಕಾಲ ಬದುಕಿದವು. 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೊರಬಿತ್ತು.

ಹೆಸರುಗಳ ಗುಂಪು

ಕಾಯಿ, ಹಣ್ಣು ಎಂಬ ಎರಡು ಪದಗಳನ್ನು ತರಕಾರಿ, ಫಲ ಎಂದು ಬರೆದುಕೊಂಡವರು ಮಾವಿನ ಕಾಲದಲ್ಲಿ ಕಂಗಾಲಾಗುತ್ತಾರೆ. ಮಾವಿನಕಾಯಿ ಉಪ್ಪಿನಕಾಯಿಗೆ, ಮಾವಿನಹಣ್ಣು ತಿನ್ನುವುದಕ್ಕೆ. ಬಾಳೆಕಾಯಿ ಪಲ್ಯಕ್ಕೆ, ಬಾಳೆಹಣ್ಣು ಪೂಜೆಗೆ. ದೇವಸ್ಥಾನದ ಎದುರು ಬರೀ ‘ಕಾಯಿ’ ಎಂದರೆ ತೆಂಗಿನಕಾಯಿ, ಬೇರೆ ಅರ್ಥವೇ ಇಲ್ಲ. ಎಳನೀರಿನ ಗಾಡಿಯಲ್ಲಿ ಪ್ರಶ್ನೆ ‘ನೀರಾ, ಗಂಜಿನಾ?’ ಎಂದು, ಗಂಜಿಯೆಂದರೆ ಒಳಗಿನ ಎಳೆಯ ತಿರುಳು.

ತರಕಾರಿಯ ಹೆಸರಿನ ಹಿಂದೆ ಬರುವ ಗುಣವಾಚಕಗಳೇ ಗುಣಮಟ್ಟದ ಗುಟ್ಟು. ನಾಟಿ ಎಂದರೆ ಸ್ಥಳೀಯ ತಳಿ: ನಾಟಿ ಟೊಮ್ಯಾಟೊ ಹುಳಿ ಜಾಸ್ತಿ, ಸಾರಿಗೆ ಸರಿ, ನಾಟಿ ಕೊತ್ತಂಬರಿ ಘಮ ಹೆಚ್ಚು. ಎದುರು ನಿಂತದ್ದು ಫಾರಂ ಅಥವಾ ಹೈಬ್ರಿಡ್. ಊಟಿ ಕ್ಯಾರೆಟ್ ಎಂಬಲ್ಲಿ ಊರೇ ತಳಿಯ ಹೆಸರು. ಸೀಮೆಬದನೆಯಲ್ಲಿನ ಸೀಮೆ ಹೊರನಾಡಿನಿಂದ ಬಂದದ್ದರ ಗುರುತು. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ‘ಸೊಗಡು ಇದೆಯಾ?’ ಎಂದು ಮೂಸಿ ನೋಡುವವರೇ ಎಲ್ಲ. ಕಾಳು ನೆನೆಸಿ ಸಿಪ್ಪೆ ಹಿಸುಕಿ ತೆಗೆದರೆ ಹಿತಕವರೆ. ಅದಕ್ಕೆ ಬೆಲೆ ಬೇರೆ. ಮಾವಿನಲ್ಲಿ ರಸಪುರಿ, ಬಾದಾಮಿ, ಮಲ್ಲಿಕಾ, ಸೇಂದೂರ, ತೋತಾಪುರಿ; ಹೊರಗಿನವರ ಆಲ್ಫಾನ್ಸೊ ಇಲ್ಲಿನ ಬಾದಾಮಿ ಎಂದು ತಿಳಿಯದೆ ಹುಡುಕಿ ದಣಿಯುವ ಹೊಸಬರುಂಟು.

ಅಂಗಡಿಗಳಿಗೂ ಸ್ಥಳೀಯ ಹೆಸರುಗಳಿವೆ. ಅರಿಶಿನ, ಕುಂಕುಮ, ಕರ್ಪೂರ, ಗೆಜ್ಜೆವಸ್ತ್ರದಿಂದ ಹಿಡಿದು ಅಳಲೆಕಾಯಿ, ಬಜೆಯವರೆಗೆ ಮಾರುವುದು ಗ್ರಂಥಿಗೆ ಅಂಗಡಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಸಿಗುವುದು ಕಾಂಡಿಮೆಂಟ್ಸ್. ಖಾರಾ ಬನ್ನಿಗೆ ಅಯ್ಯಂಗಾರ್ ಬೇಕರಿ. ಸೀರೆಗೆ ಒಪ್ಪುವ ರವಿಕೆ ಬಟ್ಟೆ, ಫಾಲ್ಸು ಸಿಗುವುದು ಮ್ಯಾಚಿಂಗ್ ಸೆಂಟರಿನಲ್ಲಿ. ಅಲ್ಲಿ ಒಡಲು, ಅಂಚು, ಸೆರಗು, ಪನ್ನ ಎಂಬ ನಾಲ್ಕು ಪದ ಗೊತ್ತಿದ್ದರೆ ಕೆಲಸ ಸಲೀಸು. ಕಾಫಿಪುಡಿ ಅಂಗಡಿಯಲ್ಲಿ ಕೇಳುವುದು ಚಿಕೋರಿಯ ಪಾಲು: ‘ಎಂಬತ್ತು-ಇಪ್ಪತ್ತು ಕಾಲು ಕೆಜಿ’ ಎಂದರೆ ಪುಡಿ ಎಂಬತ್ತು, ಚಿಕೋರಿ ಇಪ್ಪತ್ತು. ಬೆರಕೆ ಬೇಡವೆಂದರೆ ‘ಪ್ಯೂರ್’. ಹಾಪ್‌ಕಾಮ್ಸ್ ಮಳಿಗೆಗಳದು ಬೇರೆ ರೀತಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ದಿನದ ಬೆಲೆ ಹಲಗೆಯ ಮೇಲೆ ಬರೆದಿರುತ್ತದೆ, ಚೌಕಾಸಿ ಇಲ್ಲ. ಕನ್ನಡ ಅಕ್ಷರ ಕಲಿಯುತ್ತಿರುವವರಿಗೆ ಆ ಹಲಗೆ ಓದುವುದು ಸೊಗಸಾದ ಅಭ್ಯಾಸ: ಕಣ್ಣೆದುರೇ ಸರಕು, ಪಕ್ಕದಲ್ಲೇ ಅದರ ಹೆಸರು.

ಕೇಳುವ ಬಗೆ, ಒಪ್ಪುವ ಬಗೆ

ಪುಸ್ತಕದ ‘ಇದರ ಬೆಲೆ ಎಷ್ಟು?’ ತಪ್ಪಲ್ಲ, ಆದರೆ ಸಾರಕ್ಕಿಯಲ್ಲಿ ಕೇಳುವುದು ‘ಹೆಂಗೆ ಕೆಜಿ?’ ಅಥವಾ ‘ಹೇಗೆ ಕೊಟ್ರಿ?’. ಬೆಲೆ ಹೆಚ್ಚೆನಿಸಿದರೆ ‘ಜಾಸ್ತಿ ಆಯ್ತು, ನೋಡಿ ಹಾಕ್ಕೊಡಿ’. ಎದುರು ಉತ್ತರ ‘ಗಿಟ್ಟಲ್ಲ’, ‘ಅಸಲೇ ಬರಲ್ಲ’, ಇಲ್ಲವೇ ಬೆಳಗಿನ ಹೊತ್ತಾದರೆ ‘ಬೋಣಿ, ತಗೊಳ್ಳಿ’. ಬೋಣಿ ದಿನದ ಮೊದಲ ವ್ಯಾಪಾರ. ಆ ಗಿರಾಕಿ ಬರಿಗೈಯಲ್ಲಿ ಹೋಗಬಾರದೆಂದು ಒಂದಿಷ್ಟು ಬಿಟ್ಟುಕೊಡುವುದುಂಟು, ಬೋಣಿಯಾದ ನೋಟನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಈಗಲೂ ನೋಡಬಹುದು. ಒಪ್ಪಿದರೆ ‘ಆಯ್ತು’, ಬೇಡವಾದರೆ ‘ಬೇಡ’, ತುಂಬಿದರೆ ‘ಸಾಕು’, ಮುಗಿದಿದ್ದರೆ ‘ಖಾಲಿ’. ಚೀಲವನ್ನು ಕೇಳುವಾಗ ‘ಕವರ್’. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೂ ಪದ ಹೋಗಿಲ್ಲ, ಬಟ್ಟೆಯ ಚೀಲಕ್ಕೂ ಅದೇ ಹೆಸರು ಅಂಟಿಕೊಂಡಿತು.

ಕರೆಯುವ ಮಾತು ಬೆಲೆಗಿಂತ ಮುಖ್ಯ. ಅಣ್ಣ, ಅಕ್ಕ, ಅಮ್ಮ, ಅಜ್ಜಿ, ಯಜಮಾನ್ರೇ: ಈ ಐದರಲ್ಲಿ ಒಂದಾದರೂ ವಾಕ್ಯದಲ್ಲಿ ಇರಬೇಕು. ‘ದಯವಿಟ್ಟು’ ಎಂಬುದು ರೈಲು ನಿಲ್ದಾಣದ ಪ್ರಕಟಣೆಯ ಮಾತು, ಅಂಗಡಿಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ವಿನಯವೆಲ್ಲ ಕ್ರಿಯಾಪದದ ತುದಿಯಲ್ಲಿದೆ: ಕೊಡು ಎಂಬುದು ಕೊಡಿ ಆದಾಗ, ಬೇಕು ಎಂಬುದು ಬೇಕಿತ್ತು ಆದಾಗ. ಹೊರಡುವಾಗ ಧನ್ಯವಾದದ ಬದಲು ‘ಬರ್ತೀನಿ ಅಣ್ಣ’.

ಜರ್ಮನ್ ಕಿವಿ, ಜರ್ಮನ್ ನಾಲಿಗೆ

ಮನೆಮಾತು ಜರ್ಮನ್ ಆದವರಿಗೆ ಇಂಗ್ಲಿಷಿನವರಿಗಿಂತ ಕೆಲವು ಅನುಕೂಲಗಳಿವೆ. ನೀನು, ನೀವು ಎಂಬ ಭೇದ ಅವರಿಗೆ ಹೊಸದಲ್ಲ. ಡು ಮತ್ತು ಝೀ ಬಳಸಿ ಬೆಳೆದವರು ಕೊಡು-ಕೊಡಿ ವ್ಯತ್ಯಾಸವನ್ನು ಬೇಗ ಹಿಡಿಯುತ್ತಾರೆ. ಸ್ವರದ ಹ್ರಸ್ವ-ದೀರ್ಘ ಜರ್ಮನ್ನಿನಲ್ಲೂ ಅರ್ಥ ಬದಲಿಸುತ್ತದೆ. ‘ನನಗೆ ಬೇಕು’ ಎಂಬಲ್ಲಿ ಕರ್ತೃವಿನ ಬದಲು ಚತುರ್ಥಿ ಬರುವುದೂ ಅವರಿಗೆ ವಿಚಿತ್ರವೆನಿಸದು, ಅವರಲ್ಲೂ ಇಷ್ಟಪಡುವುದಕ್ಕೆ, ಚಳಿಯಾಗುವುದಕ್ಕೆ ಅಂಥ ರಚನೆಗಳಿವೆ. ಜರ್ಮನ್ ಸಂತೆಗಳಲ್ಲಿ ಸೊಪ್ಪನ್ನು ಬುಂಟ್ ಎಂಬ ಕಟ್ಟಿನಲ್ಲಿ ಮಾರುತ್ತಾರೆ, ಅರ್ಧ ಕಿಲೋವನ್ನು ಪ್ಫುಂಟ್ ಎನ್ನುವ ರೂಢಿ ಉಳಿದಿದೆ. ಆದ್ದರಿಂದ ಅಳತೆಯಿಂದ ಪಾಠ ಶುರುಮಾಡಿದರೆ ಅವರ ಕಾಲು ನೆಲಕ್ಕೆ ಬೇಗ ಹತ್ತುತ್ತದೆ.

ಕಷ್ಟಗಳು ಉಚ್ಚಾರದಲ್ಲಿ, ಸಂಖ್ಯೆಯಲ್ಲಿ. ಸ್ವರದ ಹಿಂದೆ ಪದಾದಿಯಲ್ಲಿ ಬರುವ ಸಕಾರವನ್ನು ಶಿಷ್ಟ ಜರ್ಮನ್ ಘೋಷವಾಗಿ ನುಡಿಯುತ್ತದೆ. ಆ ಅಭ್ಯಾಸದಿಂದ ಸೊಪ್ಪು ಝೊಪ್ಪು ಆಗುತ್ತದೆ, ಸಾಕು ಝಾಕು ಆಗುತ್ತದೆ. ಬರಹದಲ್ಲಿ ಜೋಡಿ ಅಕ್ಷರವಿದ್ದರೂ ಅವರು ಒತ್ತಿ ನುಡಿಯುವುದಿಲ್ಲ, ಹೀಗಾಗಿ ಅಕ್ಕಿಯ ಒತ್ತು ಮಾಯವಾಗುತ್ತದೆ. ಎಲ್ಲಕ್ಕಿಂತ ಗಟ್ಟಿ ಗಂಟು ಲ ಮತ್ತು ಳ. ಬೆಲೆ, ಬೆಳೆ, ಬೇಳೆ ಮೂರೂ ದಿನಸಿ ಅಂಗಡಿಯಲ್ಲೇ ಓಡಾಡುವ ಪದಗಳು. ‘ತೊಗರಿಬೇಳೆ ಬೆಲೆ ಎಷ್ಟು?’ ಎಂಬ ಮೂರು ಪದದ ವಾಕ್ಯವನ್ನು ಸರಿಯಾಗಿ ನುಡಿದವರು ಮಿಕ್ಕದ್ದನ್ನು ಗೆದ್ದಂತೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಚುವ ಈ ಅಭ್ಯಾಸಕ್ಕೆ ಎಳೆ ಬೆಂಡೆಕಾಯಿ, ಬಾಳೆ ಎಲೆಗಳೂ ಒಳ್ಳೆಯ ಸಾಮಗ್ರಿ.

ಸಂಖ್ಯೆಯಲ್ಲಿ ಜರ್ಮನ್ನರು ಬಿಡಿ ಮೊದಲು, ಹತ್ತು ಆಮೇಲೆ ಹೇಳುತ್ತಾರೆ. ಇಪ್ಪತ್ತೈದು ಅವರಿಗೆ ಐದು ಮತ್ತು ಇಪ್ಪತ್ತು. ಕನ್ನಡ ಬರೆದ ಕ್ರಮದಲ್ಲೇ ನುಡಿಯುತ್ತದಾದರೂ ಹಳೆಯ ರೂಢಿ ಅಡ್ಡ ಬಂದು ನಲವತ್ತೈದು ಐವತ್ತನಾಲ್ಕಾಗುವ ಅಪಾಯವಿದೆ. ಇಪ್ಪತ್ತು ಮತ್ತು ಎಪ್ಪತ್ತು ಕೇಳುವಾಗ ವ್ಯತ್ಯಾಸ ಮೊದಲ ಸ್ವರದಲ್ಲಿ ಮಾತ್ರ. ಗದ್ದಲದ ಮಾರುಕಟ್ಟೆಯಲ್ಲಿ ಕನ್ನಡದವರೂ ಮತ್ತೊಮ್ಮೆ ಕೇಳುತ್ತಾರೆ. ಒಂದೂವರೆ, ಎರಡೂವರೆಗಳಲ್ಲಿ ಇನ್ನೊಂದು ಬಲೆ. ಗಡಿಯಾರ ನೋಡಿ ಎರಡೂವರೆಯನ್ನು ಅವರು ‘ಅರ್ಧ ಮೂರು’ ಎನ್ನುವರು, ಅದರಿಂದ ಎರಡೂವರೆ ಕೆಜಿ ಎಂದೊಡನೆ ಮನಸ್ಸು ಹಿಂದೆಮುಂದಾಗುತ್ತದೆ. ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ ಎಂದು ತಕ್ಕಡಿಯ ಎದುರೇ ಹೇಳಿಸಿ ಕಲಿಸುವುದು ಮೇಲು. ‘ಹತ್ತತ್ತು ರೂಪಾಯಿ’ ಎಂದರೆ ನೂರಲ್ಲ, ಒಂದೊಂದಕ್ಕೂ ಹತ್ತು ಎಂಬುದನ್ನೂ ಅಲ್ಲೇ ತಿಳಿಸಬೇಕು.

ಈಚಿನ ಬದಲಾವಣೆ

ಸೂಪರ್ ಮಾರ್ಕೆಟ್ಟಿನ ಕಪಾಟು, ಮೊಬೈಲಿನಿಂದ ಹತ್ತೇ ನಿಮಿಷದಲ್ಲಿ ಮನೆಗೆ ಬರುವ ದಿನಸಿ ಇವೆರಡೂ ಮಾತಿಲ್ಲದ ವ್ಯಾಪಾರ. ಬಿಟಿಎಂನಂಥ ಬಡಾವಣೆಯಲ್ಲಿ ವರ್ಷಗಟ್ಟಲೆ ಇದ್ದೂ ಒಂದು ಕಟ್ಟು ಸೊಪ್ಪನ್ನು ಕನ್ನಡದಲ್ಲಿ ಕೇಳದೆ ಬದುಕುವುದು ಈಗ ಸಾಧ್ಯ. ಇದು ನಷ್ಟವೆಂದೇ ಹೇಳಬೇಕು. ಅಂಗಡಿಯಂತೆ ದಿನಾ ತೆರೆದಿರುವ, ಶುಲ್ಕವಿಲ್ಲದ ಭಾಷಾಶಾಲೆ ಮತ್ತೊಂದಿಲ್ಲ. ಇನ್ನೊಂದು ಕಡೆ ಯುಪಿಐ ಬಂದ ಮೇಲೆ ತಳ್ಳುಗಾಡಿಯ ಮೇಲೂ ಕೂತಿರುವ ಪುಟ್ಟ ಧ್ವನಿಪೆಟ್ಟಿಗೆ ಪಾವತಿಯಾದ ಮೊತ್ತವನ್ನು ಎಷ್ಟೋ ಕಡೆ ಕನ್ನಡದಲ್ಲೇ ಸ್ಪಷ್ಟವಾಗಿ ನುಡಿಯುತ್ತದೆ. ಸಂಖ್ಯೆ ಕಲಿಯುವವರಿಗೆ ಅದು ಬಯಸದೇ ಬಂದ ಗುರು. ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕೆಂದು 2024ರ ತಿದ್ದುಪಡಿ ಕಾನೂನು ಮಾಡಿದ ಮೇಲೆ ಬೀದಿಯಲ್ಲಿ ಓದಲು ಸಿಗುವ ಕನ್ನಡವೂ ಹೆಚ್ಚಿದೆ.

ಹಳೆಯ ಅಳತೆಗಳು ವರ್ಷಕ್ಕೊಮ್ಮೆ ಬೀದಿಗಿಳಿಯುವ ಜಾಗ ಬಸವನಗುಡಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ರೈತರು ಹಸಿ, ಹುರಿದ, ಬೇಯಿಸಿದ ಕಾಯಿಯನ್ನು ರಾಶಿ ಹಾಕಿ ಸೇರು, ಪಾವಿನ ಡಬ್ಬದಲ್ಲಿ ಅಳೆದು ಕೊಡುತ್ತಾರೆ. ಜಯನಗರದಿಂದಲೂ ಬನಶಂಕರಿಯಿಂದಲೂ ಅಲ್ಲಿಗೆ ನಡೆದೇ ಬರುವವರಿದ್ದಾರೆ. ಸೇರಿನ ಬಾಯಿಗೆ ಗೋಪುರ ಕಟ್ಟಿ ಸುರಿಯುವಾಗ ‘ಇನ್ನೊಂಚೂರು ಹಾಕಿ’ ಎಂದು ಕೇಳುವ ಮಾತು ಅಲ್ಲಿ ದಿನವಿಡೀ ಕಿವಿಗೆ ಬೀಳುತ್ತದೆ, ಹೊಸದಾಗಿ ಕನ್ನಡ ಕಲಿಯುವವರನ್ನು ಮೊದಲು ಕರೆದೊಯ್ಯಬೇಕಾದ್ದೂ ಅಲ್ಲಿಗೇ.